ಅಟ್ಟದ ಟ್ರಂಕು, ಹಟ್ಟಿಯ ಗೊಬ್ಬರ

ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅಪ್ಪನದ್ದು. ಅವರೂ ನನ್ನ ಹಾಗೆ ಕನ್ನಡ ಮಾಧ್ಯಮದ ಮಾಷ್ಟ್ರು. ಕುಂಬಳೆ ಸೀಮೆಯ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಕಲಿಸಿದವರು. 2018ರಲ್ಲಿ ಅವರು ತೀರಿಕೊಂಡ ಮೇಲೆ ಆ ಟ್ರಂಕನ್ನು ಯಾರೂ ತೆರೆಯಲಿಲ್ಲ. 2023ರ ಮಳೆಗಾಲದಲ್ಲಿ ಅಟ್ಟದ ಮೇಲಿನ ಹಂಚು ಒಡೆದು ನೀರು ಸೋರಿತು. ಟ್ರಂಕು ಇಳಿಸಿ ನೋಡಿದರೆ ಒಳಗೆ ಪಾಠಟಿಪ್ಪಣಿಯ ಪುಸ್ತಕಗಳು. ಸುಮಾರು ನೂರೈವತ್ತು ಇರಬಹುದು. ಅರ್ಧಕ್ಕರ್ಧ ಒರಲೆ ತಿಂದದ್ದು, ಉಳಿದದ್ದು ಚಂಡಿಯಾಗಿ ಬೂಸಲು ಹಿಡಿದದ್ದು. ಮುಚ್ಚಳ ತೆರೆದ ಕೂಡಲೇ ಬಂದ ವಾಸನೆಗೆ ಅಮ್ಮ ಸೆರಗು ಮುಚ್ಚಿಕೊಂಡು ಅಲ್ಲೇ ಕೂತರು.

ಏನು ಮಾಡುವುದು? ಗುಜರಿಯವನಿಗೆ ಕೊಡುವ ಅಂದರೆ ಅವನಿಗೆ ಒಣ ಕಾಗದ ಬೇಕು, ಬೂಸಲು ಹಿಡಿದದ್ದು ಬೇಡ. ತಿಂಗಳಿಗೊಮ್ಮೆ ಮನೆಗೆ ಬರುವ ಹರಿತ ಕರ್ಮಸೇನೆಯ ಅಕ್ಕಂದಿರು (ನಮ್ಮಲ್ಲಿ ತಿಂಗಳಿಗೆ 50 ರೂಪಾಯಿ) ತೊಳೆದು ಒಣಗಿಸಿದ ಪ್ಲಾಸ್ಟಿಕ್ಕನ್ನು ಕೊಂಡೊಯ್ಯುತ್ತಾರೆ. ಇದನ್ನು ನೋಡಿ ಅವರೂ ತಲೆ ಅಲ್ಲಾಡಿಸಿದರು. ಸುಡುವುದಾ? ಕಸ ಸುಟ್ಟರೆ ಪಂಚಾಯತಿನ ದಂಡ ಉಂಟು. ದಂಡದ ಮಾತು ಹಾಗಿರಲಿ, ಅಪ್ಪನ ಕೈಬರಹಕ್ಕೆ ಬೆಂಕಿ ಕೊಡಲು ನನಗೇ ಮನಸ್ಸು ಬರಲಿಲ್ಲ. ಅವರಿಗೆ ಒಮ್ಮೆ ಬೆಂಕಿ ಕೊಟ್ಟದ್ದು ಸಾಕು.

"ಗೊಬ್ಬರ ಮಾಡುವ" ಅಂದೆ.

ಅಮ್ಮ ನನ್ನನ್ನು ನೋಡಿದ ನೋಟ ನಾನು ಮರೆಯುವುದಿಲ್ಲ. "ಎಂಥದು ಮಾರಾಯ, ಕಾಗದ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳಲಿಕ್ಕೆ ಕಲಿಸಿದ್ದು ಯಾರು ನಿನಗೆ? ಅಪ್ಪನ ಅಕ್ಷರವನ್ನು ಸೆಗಣಿಯ ಒಟ್ಟಿಗೆ ಹಾಕುವುದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ವಾರ ಟ್ರಂಕು ಚಾವಡಿಯಲ್ಲೇ ಇತ್ತು. ಒಂದು ದಿನ ಬೆಳಗ್ಗೆ ಅಮ್ಮನೇ ಹೇಳಿದರು, "ಹಾಕು. ಆದರೆ ಎಲ್ಲಾ ಓದಿ ನೋಡಿ ಹಾಕು. ಓದದೆ ಒಂದು ಹಾಳೆಯೂ ಹೋಗಬಾರದು." ಆಗಲಿ ಅಂದೆ.

ಓದಿದೆ. ಹೆಚ್ಚಿನವು ಅದೇ ಅದೇ ಪಾಠದ ಟಿಪ್ಪಣಿ, ವರ್ಷ ಮಾತ್ರ ಬೇರೆ. ಕೆಲವು ಪುಸ್ತಕಗಳ ಕೊನೆಯಲ್ಲಿ ತರಗತಿಯ ಮಕ್ಕಳ ಹೆಸರು ಬರೆದಿದ್ದರು. 1984ರ ಐದನೇ ತರಗತಿಯಲ್ಲಿ ನಲವತ್ತಾರು ಹೆಸರು. ನನ್ನ ತರಗತಿಯಲ್ಲಿ ಈಗ ಹನ್ನೊಂದು. ಹೆಸರಿನ ಹಾಳೆಗಳ ಫೋಟೋ ತೆಗೆದೆ. ಗಟ್ಟಿಯಿದ್ದ ನಾಲ್ಕು ಪುಸ್ತಕ ಒಣಗಿಸಿ ಎತ್ತಿಟ್ಟೆ. ಉಳಿದದ್ದನ್ನು ಹಟ್ಟಿಗೆ ಸಾಗಿಸಿದೆ.

ಹಟ್ಟಿ ಅಂದೆನಲ್ಲ, ದನ ಇಲ್ಲ. ಖಾಲಿಯಾಗಿ ಹತ್ತು ವರ್ಷ ದಾಟಿತು. ಆದರೆ ಮುರಕಲ್ಲಿನ ಗೋಡೆ, ಮೇಲೆ ಹಂಚು ಗಟ್ಟಿ ಉಂಟು. ಗೊಬ್ಬರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಬಯಲಲ್ಲಿ ರಾಶಿ ಹಾಕಿದರೆ ಜೂನ್ ತಿಂಗಳಲ್ಲಿ ಅದರ ಸಾರವೆಲ್ಲ ತೋಡಿಗೆ ಹೋಗುತ್ತದೆ, ಉಳಿದದ್ದು ಗಾಳಿಯಾಡದೆ ನಾರುತ್ತದೆ.

ಮೊದಲ ಸಲ ನಾನು ಮಾಡಿದ್ದು ಶುದ್ಧ ದಡ್ಡತನ. 2023ರ ನವೆಂಬರಿನಲ್ಲಿ ದರಗು ಒಂದು ಪದರ, ಪುಸ್ತಕ ಒಂದು ಪದರ, ಪಕ್ಕದ ಮನೆಯಿಂದ ತಂದ ಸೆಗಣಿ ನೀರು, ಮತ್ತೆ ದರಗು, ಹೀಗೆ ಎದೆಯೆತ್ತರಕ್ಕೆ ಪೇರಿಸಿದೆ. ಪುಸ್ತಕಗಳನ್ನು ಪುಸ್ತಕಗಳಾಗಿಯೇ ಇಟ್ಟೆ. ಹರಿಯಲಿಕ್ಕೆ ಕೈ ಬರಲಿಲ್ಲ ಅಂತಲೇ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಬಗೆದು ನೋಡಿದರೆ ದರಗು ಹುಡಿಯಾಗಿದೆ, ಪುಸ್ತಕಗಳು ಮಾತ್ರ ಇಟ್ಟಿಗೆಯ ಹಾಗೆ ಕೂತಿವೆ! ಹಾಳೆಗೆ ಹಾಳೆ ಅಂಟಿ ರಟ್ಟಾಗಿತ್ತು. ಅಂಚು ಮಾತ್ರ ಕರಗಿತ್ತು, ನಡುವಿನಲ್ಲಿ ಅಪ್ಪನ ನೀಲಿ ಶಾಯಿ ಹಾಗೇ ಇತ್ತು. ಒಂದನ್ನು ಬಿಡಿಸಿದಾಗ "ಪಾಠದ ಉದ್ದೇಶ" ಅನ್ನುವ ಶೀರ್ಷಿಕೆ ಸ್ಪಷ್ಟವಾಗಿ ಕಂಡಿತು. ಅಮ್ಮನಿಗೆ ಒಳಗೊಳಗೆ ಖುಷಿ. "ನೋಡು, ಅವರು ಬರೆದದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ."

ಇದು ನನ್ನೊಬ್ಬನ ಅನುಭವ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ರಾಥ್ಜೆ ಅನ್ನುವ ಪುರಾತತ್ವ ವಿದ್ವಾಂಸರು 1973ರಲ್ಲಿ ಜನರ ಕಸವನ್ನೇ ಅಧ್ಯಯನ ಮಾಡುವ ಕೆಲಸ ಶುರು ಮಾಡಿದರು. ಮುಂದೆ ಕಸ ಹೂಳುವ ಗುಂಡಿಗಳನ್ನೂ ಅಗೆದು ನೋಡಿದರು. ಹತ್ತಾರು ವರ್ಷ ಹಳೆಯ ಪತ್ರಿಕೆಗಳು ಇನ್ನೂ ಓದುವ ಹಾಗೆ ಸಿಕ್ಕಿದವಂತೆ. ಕಾಗದ ಕೊಳೆಯುವ ವಸ್ತು ಹೌದು, ಆದರೆ ಅದಕ್ಕೆ ಗಾಳಿ ಬೇಕು, ನೀರು ಬೇಕು, ಜೊತೆಗೆ ಸರಿಯಾದ ಸಂಗಾತಿ ಬೇಕು.

ಸಂಗಾತಿ ಅಂದರೆ ಸಾರಜನಕ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಸುಮಾರು 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ದರೆ ಊಟ ರುಚಿಸುತ್ತದೆ. ಕಾಗದ ಬರೀ ಇಂಗಾಲ; ಪತ್ರಿಕೆಯ ಕಾಗದದಲ್ಲಿ ಒಂದು ಪಾಲು ಸಾರಜನಕಕ್ಕೆ ನೂರೈವತ್ತಕ್ಕೂ ಮಿಕ್ಕಿದ ಇಂಗಾಲ ಇರುತ್ತದೆ. ಉಪ್ಪು ಮೆಣಸು ಇಲ್ಲದ ಅನ್ನದ ಹಾಗೆ. ಹಿಂದೆ ಹಟ್ಟಿಯಲ್ಲಿ ದನದ ಕಾಲಡಿಗೆ ದರಗು, ಸೊಪ್ಪು ಹಾಕುತ್ತಿದ್ದರಲ್ಲ, ಅದರ ಲೆಕ್ಕ ಇದೇ. ದರಗಿನ ಇಂಗಾಲಕ್ಕೆ ಸೆಗಣಿ, ಮೂತ್ರದ ಸಾರಜನಕ. ಅಜ್ಜಿಗೆ ಈ ಪದಗಳು ಗೊತ್ತಿರಲಿಲ್ಲ, ಆದರೆ ಯಾವ ದಿನ ಎಷ್ಟು ಸೊಪ್ಪು ಹಾಕಬೇಕು ಅಂತ ಗೊತ್ತಿತ್ತು.

ಈಗ ದನ ಇಲ್ಲ. ಪಕ್ಕದ ಮನೆಯವರ ಹತ್ತಿರ ಸೆಗಣಿ ಎಷ್ಟು ಸಲ ಕೇಳುವುದು? ಅವರಿಗೂ ತೋಟ ಉಂಟು. ಹಾಗೆ ಯೋಚಿಸುತ್ತಿದ್ದಾಗ ತಲೆಗೆ ಹೊಳೆದದ್ದು ತಲೆಕೂದಲು (ನಗಬೇಡಿ). ಒಣಗಿದ ಸೆಗಣಿಯಲ್ಲಿ ನೂರಕ್ಕೆ ಒಂದೂವರೆ, ಎರಡು ಪಾಲು ಸಾರಜನಕ ಇದ್ದರೆ ಕೂದಲಿನಲ್ಲಿ 15ರ ಆಸುಪಾಸು ಉಂಟು. ತರಗತಿಯಲ್ಲಿ ಒಂದು ದಿನ ಪಾಠದ ನಡುವೆ ಈ ಮಾತು ಹೇಳಿದೆ. ಒಬ್ಬ ಹುಡುಗನ ಅಪ್ಪನಿಗೆ ಪೇಟೆಯಲ್ಲಿ ಕ್ಷೌರದಂಗಡಿ ಇದೆ. ಮರುದಿನ ಬೆಳಗ್ಗೆ ಆ ಹುಡುಗ ಬಸ್ಸಿನಿಂದ ಇಳಿದದ್ದೇ ಅಕ್ಕಿಚೀಲದ ತುಂಬ ಕೂದಲು ಹೊತ್ತುಕೊಂಡು! ಸ್ಟಾಫ್ ರೂಮಿನ ಮೂಲೆಯಲ್ಲಿ ಆ ಚೀಲ ಸಂಜೆಯವರೆಗೆ ಇತ್ತು. ಅದರ ಪಕ್ಕ ಕೂತು ಬುತ್ತಿ ಉಣ್ಣಲು ಯಾರೂ ತಯಾರಿರಲಿಲ್ಲ. ಸಹೋದ್ಯೋಗಿಗಳ ಕ್ಷಮೆ ಇನ್ನೊಮ್ಮೆ ಕೇಳುತ್ತೇನೆ.

"ಸಾರ್, ಇದರಲ್ಲಿ ನನ್ನ ಕೂದಲೂ ಉಂಟು, ಮೊನ್ನೆ ಆದಿತ್ಯವಾರ ತೆಗೆಸಿದ್ದು" ಅಂತ ಇನ್ನೊಬ್ಬ ಹೆಮ್ಮೆಯಿಂದ ಹೇಳಿದ.

ಕೂದಲು ಹಾಕುವವರು ಒಂದು ಸಂಗತಿ ತಿಳಿದಿರಬೇಕು. ಅದು ಬೇಗ ಕೊಳೆಯುವುದಿಲ್ಲ. ಕೂದಲಿನ ಪ್ರೋಟೀನಿನಲ್ಲಿ ಗಂಧಕದ ಗಟ್ಟಿ ಬೆಸುಗೆಗಳಿವೆ. ಅದನ್ನು ಬಿಡಿಸುವ ಶಕ್ತಿ ಎಲ್ಲ ಸೂಕ್ಷ್ಮಜೀವಿಗಳಿಗೆ ಇಲ್ಲ. ಮುದ್ದೆಯಾಗಿ ಹಾಕಿದರೆ ಚಾಪೆಯ ಹಾಗೆ ಹೆಣೆದುಕೊಂಡು ನೀರನ್ನೂ ಬಿಡದೆ ಕೂರುತ್ತದೆ. ತೆಂಗಿನಕಾಯಿ ತುರಿ ಉದುರಿಸಿದಂತೆ ತೆಳ್ಳಗೆ ಉದುರಿಸಬೇಕು, ಪ್ರತಿ ಪದರಕ್ಕೂ ಸ್ವಲ್ಪ ಸ್ವಲ್ಪ. ಒಂದು ಬೇಸಗೆಯಲ್ಲಿ ಅದು ಪೂರ್ತಿ ಹೋಗುವುದಿಲ್ಲ, ಆರು ತಿಂಗಳ ನಂತರವೂ ಅಲ್ಲಲ್ಲಿ ಎಳೆ ಕಾಣುತ್ತದೆ. ಹಾಗಾಗಿ ಸೆಗಣಿಯ ಕೆಲಸವನ್ನೆಲ್ಲ ಕೂದಲೇ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ರಾಶಿಗೆ ಬಿಸಿ ಏರಲಿಕ್ಕೆ ಸೆಗಣಿ ನೀರೋ ಹಸಿ ಸೊಪ್ಪೋ ಬೇಕೇ ಬೇಕು. ಕೂದಲು ನಿಧಾನದ ಗಿರಾಕಿ, ಗಿಡದ ಬುಡಕ್ಕೆ ಹೋದ ಮೇಲೂ ಕೊಡುತ್ತಲೇ ಇರುತ್ತದೆ.

ಎರಡನೇ ಸಲ, 2024ರ ನವೆಂಬರಿನಲ್ಲಿ, ಪುಸ್ತಕಗಳ ಹೊಲಿಗೆ ಬಿಚ್ಚಿ, ಪಿನ್ನು ತೆಗೆದು, ನುಣುಪಾದ ಹೊದಿಕೆ ಬೇರ್ಪಡಿಸಿ, ಹಾಳೆ ಹಾಳೆಯಾಗಿ ಹರಿದು ಒಂದು ರಾತ್ರಿ ನೀರಿನಲ್ಲಿ ನೆನೆಸಿದೆ. ಬೆಳಗ್ಗೆ ಹಿಂಡಿ, ದರಗು, ಗ್ಲಿರಿಸಿಡಿಯಾ ಸೊಪ್ಪು, ಕೂದಲು, ಸೆಗಣಿ ನೀರಿನ ಜೊತೆ ಬೆರೆಸಿದೆ. ಹತ್ತು ದಿನಕ್ಕೊಮ್ಮೆ ಮಗುಚುವುದು. ರಾಶಿಯ ನಡುವಿಗೆ ಒಂದು ಕಬ್ಬಿಣದ ಸರಳು ಚುಚ್ಚಿಟ್ಟಿದ್ದೆ. ನಾಲ್ಕನೇ ದಿನ ಅದನ್ನು ಎಳೆದು ಮುಟ್ಟಿದರೆ ಕೈ ಹಿಂದಕ್ಕೆ ಬಂತು. ಅಮ್ಮನನ್ನು ಕರೆದು ತೋರಿಸಿದೆ. ಅವರು ಸರಳನ್ನು ಸೆರಗಿನಲ್ಲಿ ಹಿಡಿದು, ಏನೂ ಹೇಳದೆ ಸ್ವಲ್ಪ ಹೊತ್ತು ನಿಂತರು.

ಆ ದಿನದಿಂದ ಅಮ್ಮ ನನಗಿಂತ ಹೆಚ್ಚು ಉಮೇದಿನಲ್ಲಿ ಇಳಿದರು. ಕಪಾಟು ತೆರೆದು ಅಪ್ಪನ ಹಳೆ ಪಂಚೆ, ಹರಿದ ಬೈರಾಸು, ತನ್ನ ಹತ್ತಿಸೀರೆ ಎಲ್ಲ ತಂದರು. ಒಂದು ಬಿಳಿ ಅಂಗಿಯೂ ಇತ್ತು, ಶಾಲೆಗೆ ಹೋಗುವಾಗ ಹಾಕುತ್ತಿದ್ದದ್ದು. ಅಂಗೈ ಅಗಲದ ತುಂಡು ಮಾಡಿ ಹಾಕಿದರೆ ಹತ್ತಿ ಬಟ್ಟೆ ಐದಾರು ತಿಂಗಳಲ್ಲಿ ಮಾಯವಾಗುತ್ತದೆ. ಅಂಗಿಯನ್ನು ಮಾತ್ರ ತುಂಡು ಮಾಡಲು ಅಮ್ಮ ಬಿಡಲಿಲ್ಲ, ಹಾಗೇ ಮಡಚಿ ಹಾಕಿದರು. ಮೇ ತಿಂಗಳಲ್ಲಿ ರಾಶಿ ಬಿಡಿಸುವಾಗ ಅದು ಸಿಕ್ಕಿತು. ಬಟ್ಟೆ ಇಲ್ಲ. ಹೊಲಿಗೆಯ ದಾರ ಮಾತ್ರ ಉಳಿದಿತ್ತು, ತೋಳಿನ ಸುತ್ತು, ಬಗಲು, ಜೇಬಿನ ಮೂರು ಬದಿ. ಜೊತೆಗೆ ಆರು ಗುಬ್ಬಿ. ಒಂದು ಅಂಗಿಯ ಅಸ್ಥಿಪಂಜರ. ಬಟ್ಟೆ ಹತ್ತಿಯದ್ದಾದರೂ ಹೊಲಿದ ದಾರ ಪಾಲಿಯೆಸ್ಟರ್ ಆಗಿತ್ತು, ಗೊಬ್ಬರದ ರಾಶಿಯಲ್ಲಿ ಅದು ಕೊಳೆಯುವುದಿಲ್ಲ. ಅಮ್ಮ ಗುಬ್ಬಿಗಳನ್ನು ತೊಳೆದು ಹೊಲಿಗೆಯ ಡಬ್ಬಿಗೆ ಹಾಕಿದರು.

ಬಟ್ಟೆ ಹತ್ತಿಯದ್ದೋ ಅಲ್ಲವೋ ಅಂತ ನೋಡಲು ನಾಲ್ಕು ಎಳೆ ದಾರ ಕಿತ್ತು ಬೆಂಕಿಗೆ ಹಿಡಿದರಾಯಿತು. ಹತ್ತಿ ಕಾಗದದ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಕಪ್ಪು ಮಣಿಯ ಹಾಗೆ ಗಟ್ಟಿಯಾಗುತ್ತದೆ. ತರಗತಿಯಲ್ಲಿ ಮಾಡಿ ತೋರಿಸಿದೆ (ನಾನೇ ಇಕ್ಕುಳದಲ್ಲಿ ಹಿಡಿದು, ಪಕ್ಕದಲ್ಲಿ ನೀರು ಇಟ್ಟುಕೊಂಡು). ಮಕ್ಕಳು ತಮ್ಮ ಯೂನಿಫಾರ್ಮಿನ ಅಂಚಿನ ದಾರ ಕಿತ್ತುಕೊಟ್ಟರು. ಹನ್ನೊಂದಕ್ಕೆ ಹನ್ನೊಂದೂ ಮಣಿಯಾಯಿತು.

ಇನ್ನು ಕೆಲವು ಸಣ್ಣಪುಟ್ಟವು. ಮೊಟ್ಟೆಯ ಚಿಪ್ಪು ಕೊಳೆಯುವುದೇ ಇಲ್ಲ, ಅದು ಸುಣ್ಣದ ಕಲ್ಲಿನ ಜಾತಿಯದ್ದು. ಒಣಗಿಸಿ ಹುಡಿ ಮಾಡಿ ಹಾಕಿದರೆ ನಮ್ಮ ಮುರಮಣ್ಣಿನ ಹುಳಿಯನ್ನು ನಿಧಾನಕ್ಕೆ ತಗ್ಗಿಸುತ್ತದೆ. ಪೆನ್ಸಿಲು ಕೆತ್ತಿದ ಸಿಪ್ಪೆ, ಉಗುರು, ದೇವರ ಮಾಲೆಯ ಬಾಳೆನಾರು, ಅಡಿಕೆ ಸಿಪ್ಪೆ ಎಲ್ಲ ಆಗುತ್ತದೆ. ತೆಂಗಿನ ಗರಿಯನ್ನು ಎರೆಹುಳಕ್ಕೆ ಹಾಕಿ ಎರಡೂವರೆ ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ನಮ್ಮ ಕಾಸರಗೋಡಿನ ಸಿಪಿಸಿಆರ್‌ಐಯವರು ಎಷ್ಟೋ ವರ್ಷದಿಂದ ಹೇಳಿಕೊಡುತ್ತಿದ್ದಾರೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ ಅದು. ಅಂಗಡಿಯ ನುಣುಪು ಬಿಲ್ಲು ಮಾತ್ರ ಬೇಡ. ಶಾಖಕ್ಕೆ ಕಪ್ಪಾಗುವ ಆ ಕಾಗದದಲ್ಲಿ ರಾಸಾಯನಿಕದ ಲೇಪ ಇರುತ್ತದೆ. ಚಹಾದ ಚೀಲಗಳಲ್ಲೂ ಕೆಲವದರಲ್ಲಿ ಪ್ಲಾಸ್ಟಿಕ್ ಸೇರಿರುತ್ತದೆ, ಕತ್ತರಿಸಿ ಒಳಗಿನ ಚರಟ ಮಾತ್ರ ಹಾಕಿ.

ಈಗ ನನ್ನ ತಪ್ಪಿನ ಮಾತು.

ಟ್ರಂಕಿನ ತಳದಲ್ಲಿ ಒಂದು ಕಟ್ಟು ಇತ್ತು, ಎಂಟು ಹತ್ತು ಪುಸ್ತಕ. ಪೂರಾ ಚಂಡಿಯಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಒಣಗಿಸಿ ಬಿಡಿಸಬೇಕು ಅಂತ ಪಕ್ಕಕ್ಕೆ ಇಟ್ಟಿದ್ದೆ. 2024ರ ಡಿಸೆಂಬರ್, ಕ್ರಿಸ್ಮಸ್ ಪರೀಕ್ಷೆಯ ಪೇಪರು ನೋಡುವ ಗಡಿಬಿಡಿ. ರಾಶಿ ಮಗುಚುವ ದಿನ ಕಾಗದ ಕಡಿಮೆಯಾಯಿತು. ಇದರಲ್ಲೂ ಅದೇ ಪಾಠಟಿಪ್ಪಣಿ ಇರುವುದು ಅಂದುಕೊಂಡು, ಕತ್ತಿಯಲ್ಲಿ ನಾಲ್ಕು ತುಂಡು ಮಾಡಿ ರಾಶಿಗೆ ಸೇರಿಸಿಬಿಟ್ಟೆ. ಓದದೆ.

ಮೇ ತಿಂಗಳಲ್ಲಿ ಗೊಬ್ಬರ ಗಾಳಿಸುವಾಗ ಜಾಲರಿಯ ಮೇಲೆ ಒಂದು ಮುದ್ದೆ ಉಳಿಯಿತು. ಬಿಡಿಸಿದರೆ ಅಂಗೈಯಷ್ಟು ಕಾಗದ. ಮೇಲೆ ಅಪ್ಪನ ಅಕ್ಷರದಲ್ಲಿ "ಮಕ್ಕಳು ತಂದ ಮಾತುಗಳು" ಅಂತ ಬರೆದಿತ್ತು. ಕೆಳಗೆ ಒಂದರ ಕೆಳಗೊಂದು ಪದ: ಸೊಳೆ, ಬೇಳೆ, ಸಾರೆ, ಗೂಂಜು, ರೆಚ್ಚೆ, ಮೇಣ. ಎಲ್ಲ ಹಲಸಿನ ಹಣ್ಣಿಗೆ ಸೇರಿದ ಮಾತು. ಏಳನೆಯದು "ಕೊ" ಅಂತ ಶುರುವಾಗಿ ಅಲ್ಲಿಗೆ ಕಾಗದ ಮುಗಿದಿತ್ತು.

ಅಪ್ಪ ಪ್ರಬಂಧ ತಿದ್ದುವಾಗ ಮಕ್ಕಳು ಬರೆದ ಮನೆಮಾತಿನ ಪದಗಳಿಗೆ ಕೆಂಪು ಗೀಟು ಹಾಕುತ್ತಿರಲಿಲ್ಲ ಅಂತ ಅವರ ಹಳೆ ವಿದ್ಯಾರ್ಥಿಗಳು ಹೇಳುವುದನ್ನು ಕೇಳಿದ್ದೆ. ಬರೆದಿಟ್ಟಿದ್ದರು ಅಂತ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ಆ ಕಟ್ಟು ಪೂರಾ ಅದೇ ಇತ್ತೋ, ಒಂದು ಪುಸ್ತಕ ಮಾತ್ರವೋ, ಅದೂ ತಿಳಿಯುವ ಹಾಗಿಲ್ಲ. ಇಡೀ ರಾಶಿಯನ್ನು ಮತ್ತೊಮ್ಮೆ ಕೈಯಲ್ಲಿ ಜಾಲಾಡಿದೆ. ಬೆರಳಿಗೆ ಸಿಕ್ಕಿದ್ದು ಕೂದಲಿನ ಎಳೆಗಳು, ಎರೆಹುಳ. ಅಷ್ಟು ಚಂದದ ಗೊಬ್ಬರ ನಾನು ಅದುವರೆಗೆ ಮಾಡಿರಲಿಲ್ಲ, ಕಾಫಿ ಹುಡಿಯ ಹಾಗೆ. ನೋಡಲು ಮನಸ್ಸಾಗಲಿಲ್ಲ.

ಅಮ್ಮನಿಗೆ ಅದೇ ರಾತ್ರಿ ಹೇಳಿದೆ. ಬೈಯಲಿಲ್ಲ. "ಓದಿ ಹಾಕು ಅಂದಿದ್ದೆ" ಅಂತ ಮಾತ್ರ ಹೇಳಿ ಒಳಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಶಾಲೆ ಶುರುವಾದ ಮೇಲೆ ಆ ಕಾಗದವನ್ನು ಎರಡು ಗಾಜಿನ ನಡುವೆ ಇಟ್ಟು ತರಗತಿಗೆ ಕೊಂಡುಹೋದೆ. ಜೂನ್ ತಿಂಗಳು, ಹಲಸು ಇನ್ನೂ ಮುಗಿದಿರಲಿಲ್ಲ. ಆರು ಪದಗಳನ್ನು ಬೋರ್ಡಿನಲ್ಲಿ ಬರೆದು ಅರ್ಥ ಕೇಳಿದೆ. ಸೊಳೆ, ಬೇಳೆ ಎಲ್ಲರಿಗೂ ಗೊತ್ತು. ಸಾರೆ ನಾಲ್ಕು ಜನರಿಗೆ. ಗೂಂಜು ಅಂದದ್ದೇ ಮನೆಯಲ್ಲಿ ಮಲಯಾಳ ಮಾತಾಡುವ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಅದು ನಮ್ಮ ಕೂಞಿಲ್!" ಸಾರೆಗೆ ಅವರು ಚಕಿಣಿ ಅನ್ನುತ್ತಾರಂತೆ, ಸೊಳೆಗೆ ಚುಳ. ರೆಚ್ಚೆಗೆ ಮಡಲ್ ಅಂದಾಗ ಉಳಿದವರೆಲ್ಲ ನಕ್ಕರು, ನಮಗೆ ಮಡಲು ಅಂದರೆ ತೆಂಗಿನದ್ದು. ಅವಳೂ ನಕ್ಕಳು. ಒಂದು ಪೀರಿಯಡ್ ಹೋದದ್ದೇ ತಿಳಿಯಲಿಲ್ಲ. ಆ ದಿನದ ಪಾಠ ಹಾಗೇ ಉಳಿಯಿತು.

ಈಗ ತರಗತಿಯ ಕಿಟಕಿಯ ಹತ್ತಿರ ಒಂದು ಇನ್ನೂರು ಪುಟದ ಪುಸ್ತಕ ನೇತು ಹಾಕಿದ್ದೇನೆ. ಮನೆಯಿಂದ ಯಾವ ಮಾತು ತಂದರೂ ಅದರಲ್ಲಿ ಬರೆಯಬಹುದು, ಯಾರಿಂದ ಕೇಳಿದ್ದು ಅಂತಲೂ ಬರೆಯಬೇಕು. ತುಂಬಿದ ಪುಟಗಳನ್ನು ಆಗಾಗ ಫೋನಿನಲ್ಲಿ ತೆಗೆದು ಎರಡು ಕಡೆ ಇಟ್ಟಿದ್ದೇನೆ.

ಗೊಬ್ಬರವನ್ನು ಅಮ್ಮ ಬಸಳೆಯ ಬುಡಕ್ಕೆ ಹಾಕಿಸಿದರು. ಟ್ರಂಕು ಗುಜರಿಗೆ ಹೋಯಿತು. ಏಳನೆಯ ಪದ ಏನಿರಬಹುದು ಅಂತ ತರಗತಿಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಕೊಕ್ಕೆ ಅಂತ ಒಂದು ಪಕ್ಷ. ಹಲಸು ಕೊಯ್ಯಲು ಅದೇ ಅಲ್ಲವಾ ಬೇಕು ಅನ್ನುತ್ತಾರೆ. ಕೊಟ್ಟೆ ಅಂತ ಇನ್ನೊಂದು ಪಕ್ಷ; ಕಡುಬು ಬೇಯಿಸಲಿಕ್ಕೆ. ಮೊನ್ನೆ ಊಟಕ್ಕೆ ಕೂತಾಗ ಅಮ್ಮನ ಹತ್ತಿರ ಕೇಳಿದೆ. ಅವರು ಬಸಳೆಯ ಪದಾರ್ಥ ಬಡಿಸುತ್ತಾ ಒಂದು ಕ್ಷಣವೂ ಯೋಚಿಸಲಿಲ್ಲ.

"ಕೊದಿಲು. ನಿನ್ನ ಅಪ್ಪ ಅಲ್ಲವಾ, ಬೇಳೆ ಕೊದಿಲು ಬಿಟ್ಟು ಬೇರೆ ಏನು ಬರೆದಾರು?"